ಒಳ್ಳೆಯ ರೋಗಿ

"ಇವರನ್ನ ನೋಡಿ ಕಲೀರಿ ಪೇಂಟರ್," ಎಂದರು ಸಿಸ್ಟರ್.

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ತೂಕದ ಯಂತ್ರದ ಮೇಲೆ ನಿಂತಿದ್ದರು. ಹಿಂದಿನ ಸಲ ಡಯಾಲಿಸಿಸ್ ಮುಗಿಸಿ ಹೋದಾಗಿನ ತೂಕಕ್ಕೂ ಇಂದಿನದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಕಿಡ್ನಿ ಕೈಕೊಟ್ಟವರಿಗೆ ಕುಡಿದ ನೀರೆಲ್ಲ ಮೈಯಲ್ಲೇ ಉಳಿಯುತ್ತದೆ. ತೂಕ ಏರಿದಷ್ಟೂ ಬೈಗುಳ. ಪಕ್ಕದ ಮಂಚದ ಪೇಂಟರ್ ಅದನ್ನು ತಪ್ಪದೆ ತಿನ್ನುವವನು. ತಾನು ನೀರು ಕುಡಿಯುವುದೇ ಇಲ್ಲವೆಂದೂ, ಯಂತ್ರಕ್ಕೆ ತನ್ನನ್ನು ಕಂಡರೆ ಆಗದೆಂದೂ ಹಲ್ಲು ಕಿರಿದ. ವಾರ್ಡೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ತಮ್ಮ ಮಂಚಕ್ಕೆ ಹೋದರು.

ಹೊಗಳಿಕೆ ಕೇಳಿ ಅವರ ಹೆಂಡತಿಗೆ ಹಿಗ್ಗು. ಕೆಲವು ವಾರಗಳ ಹಿಂದೆ ವೈರಸ್ ಜ್ವರ ವಾರ್ಡಿನ ಅರ್ಧ ಜನರನ್ನು ಮಲಗಿಸಿದಾಗ ಮೇಷ್ಟ್ರೂ ಸಿಕ್ಕಿಬಿದ್ದಿದ್ದರು. ಜ್ವರ ಬಿಟ್ಟಿತು, ಬಾಯಿರುಚಿ ಮಾತ್ರ ಮರಳಲಿಲ್ಲ. ತಟ್ಟೆಯಲ್ಲಿ ಅನ್ನವನ್ನು ಆಚೆ ಈಚೆ ಸರಿಸಿ ಎದ್ದುಬಿಡುತ್ತಿದ್ದರು. ಮೊದಲು ಒಂದು ಲೋಟ ನೀರಿಗೆ ಮನೆಯಲ್ಲಿ ರಂಪ ಮಾಡುತ್ತಿದ್ದವರು ಈಗ ಕೊಟ್ಟಷ್ಟು ಕುಡಿದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ತೂಕ ಇಳಿದಿಲ್ಲವಲ್ಲ, ಅಂದಮೇಲೆ ಎಲ್ಲ ಸರಿಯಿದೆ ಎಂದು ಆಕೆ ಸಮಾಧಾನ ಮಾಡಿಕೊಂಡಿದ್ದಳು. ಸಿಸ್ಟರ್, ಡಾಕ್ಟರ್ ಕೂಡ ಹಾಗೆಯೇ ತಿಳಿದಿದ್ದರು.

ಮುಂದಿನ ಸಲ ಆಸ್ಪತ್ರೆಗೆ ಬರುವಾಗ ಟ್ಯಾಕ್ಸಿಯವನು ಗಾಡಿಯನ್ನು ಬಸ್ಸಿನ ಮೂತಿಗೇ ಅಡ್ಡ ನುಗ್ಗಿಸಿದ. ಆಕೆ ಕಿರುಚಿಕೊಂಡಳು. ಯಾರ ಗಾಡಿಯಲ್ಲಿ ಕೂತರೂ ಮೇಷ್ಟ್ರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುವುದು, ಬಾಯಿ ಡ್ರೈವರನಿಗೆ ಪಾಠ ಹೇಳುವುದು ಮದುವೆಯಾದಾಗಿನಿಂದ ಇದ್ದದ್ದೇ. ಅದಕ್ಕಾಗಿ ಆಕೆ ಎಷ್ಟೋ ಸಲ ಜಗಳವಾಡಿದ್ದಳು. ಈಗ ಕಾಲು ಅಲುಗಲಿಲ್ಲ. ಅವರು ಬಸ್ಸನ್ನು ನೋಡಿದರು, ನೋಡಿಯೂ ಸುಮ್ಮನಿದ್ದರು. ಆಕೆಗೆ ಬಸ್ಸಿಗಿಂತ ಆ ಕಾಲಿನ ಭಯ ಹೆಚ್ಚಾಯಿತು. ಬಗ್ಗಿ ನೋಡಿದರೆ ಕಾಲುಚೀಲದ ಅಂಚು ಊದಿದ ಕಣಕಾಲಿಗೆ ಆಳವಾಗಿ ಕಚ್ಚಿಕೊಂಡಿತ್ತು.

ತೂಕ ನೋಡುವ ಮೊದಲೇ ಆಕೆ ಎಲ್ಲವನ್ನೂ ಸಿಸ್ಟರ್ ಮುಂದೆ ಹೇಳಿದಳು. ಸಿಸ್ಟರ್ ಪಾದದ ಮೇಲೆ ಬೆರಳೊತ್ತಿದರು. ಬಿದ್ದ ಗುಳಿ ಮೇಲೇಳಲಿಲ್ಲ. ಶರ್ಟಿನ ತೋಳು ಸರಿಸಿದರೆ ಮೂಳೆ ಕೈಗೆ ಸಿಕ್ಕಿತು. ಸಿಸ್ಟರ್ ಮುಖ ಪೆಚ್ಚಾಯಿತು.

"ತಪ್ಪು ನಮ್ದೇ," ಎಂದರು. "ಮೈಯಲ್ಲಿದ್ದ ಮಾಂಸ ಕರಗಿ ಆ ಜಾಗಕ್ಕೆ ನೀರು ಬಂದು ಕೂತಿದೆ. ಯಂತ್ರಕ್ಕೆ ಎರಡೂ ಒಂದೇ. ನಾವು ಹೊಗಳ್ತಾ ಕೂತ್ವಿ."

ಡಾಕ್ಟರ್ ಬಂದು, ನೀರನ್ನು ಸ್ವಲ್ಪ ಸ್ವಲ್ಪವೇ ಇಳಿಸಬೇಕು, ಮೇಷ್ಟ್ರು ಚೆನ್ನಾಗಿ ತಿನ್ನಬೇಕು ಎಂದರು. ಯಾಕೆ ತಿನ್ನುತ್ತಿಲ್ಲ ಎಂದು ಕೇಳಿದರು.

"ರುಚಿ ಇಲ್ಲ, ಅದು ನಿಜ," ಎಂದರು ಮೇಷ್ಟ್ರು. "ಆದ್ರೆ ತಿಂದು ಏನ್ ಮಾಡೋದು ಅನ್ಸತ್ತೆ ಡಾಕ್ಟ್ರೇ. ಸುಮ್ನೆ ಬಿದ್ಕೊಂಡಿದ್ರೆ ಎಲ್ರೂ ಒಳ್ಳೇವ್ನು ಅಂತಾರೆ. ಹಾಗೇ ಒಂದಿನ ಮುಗಿದುಹೋದ್ರೆ ಸಾಕು."

ಆಕೆಗೆ ಗಂಡನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಹಿಗ್ಗಿದ್ದ ತನ್ನ ಮೇಲೆ. ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತರು. ಜ್ವರ ಕೆಲವರ ಮನಸ್ಸನ್ನೂ ಹೀಗೆ ಹಿಂಡಿ ಹೋಗುತ್ತದೆ, ಅದಕ್ಕೂ ಚಿಕಿತ್ಸೆಯಿದೆ, ಇವತ್ತೇ ಮನೋವೈದ್ಯರನ್ನು ಕರೆಸುತ್ತೇನೆ ಎಂದರು.

ಸಿಸ್ಟರ್ ಕ್ಯಾಂಟೀನಿನಿಂದ ಬೇಯಿಸಿದ ಮೊಟ್ಟೆ ತರಿಸಿಕೊಟ್ಟು, ಕಿಡ್ನಿಯವರಿಗೆ ಹಳದಿ ಆಗದು, ಬಿಳಿ ಭಾಗ ಮಾತ್ರ ಕೊಡಿ ಎಂದರು. ಮೇಷ್ಟ್ರ ಒಂದು ಕೈ ಡಯಾಲಿಸಿಸ್ ಯಂತ್ರದ ನಳಿಕೆಗಳಿಗೆ ಸಿಕ್ಕಿಕೊಂಡಿತ್ತು. ಆಕೆ ಸಿಪ್ಪೆ ಸುಲಿದು ಹಳದಿಯನ್ನು ತಾನೇ ಬಾಯಿಗೆ ಹಾಕಿಕೊಂಡಳು. ಬೆಳಿಗ್ಗೆಯಿಂದ ತಾನೂ ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು. ಬಿಳಿಯ ಒಂದು ತುಂಡನ್ನು ಗಂಡನ ತುಟಿಗೆ ಹಿಡಿದಳು, ಹಿಡಿದೇ ಇದ್ದಳು. ಕೈ ಸೋತು ಬಂದಾಗ ಅವರು ಬಾಯಿ ತೆರೆದರು.

ಮೇಷ್ಟ್ರು ಅಗಿದರು. ಮುಖ ಕಿವಿಚಿದರು.

"ಉಪ್ಪೇ ಇಲ್ಲ. ಯಾವನು ತಿಂತಾನೆ ಇದನ್ನ," ಎಂದು ಗೊಣಗಿ, ಮತ್ತೆ ಬಾಯಿ ತೆರೆದರು.