ಗೋಡೆಗೆ ಮುಖ

ಥಾರ್ನ್‌ಕೋಟ್ ಬಂಗಲೆಯಲ್ಲಿ ಕೆಲಸದ ಹೆಣ್ಣುಮಕ್ಕಳಿಗೆ ಒಂದು ಕಟ್ಟಪ್ಪಣೆ ಇತ್ತು. ದೊರೆ, ದೊರೆಸಾನಿ ಅಥವಾ ಅವರ ನೆಂಟರು ಎದುರಾದರೆ ನಾವು ಕೈಯಲ್ಲಿದ್ದ ಕೆಲಸ ಬಿಟ್ಟು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಅವರ ಹೆಜ್ಜೆಯ ಸದ್ದು ಅಡಗುವವರೆಗೆ ತಿರುಗಬಾರದು. ಬೆಳಗಾಗುತ್ತಲೇ ಕೋಣೆಗಳ ಅಗ್ಗಿಷ್ಟಿಕೆಯ ಬೂದಿ ತೆಗೆದು ಬೆಂಕಿ ಹೊತ್ತಿಸುವುದಕ್ಕೆ, ಅವರು ರಾತ್ರಿ ಉಚ್ಚೆ ಹೊಯ್ದ ಪಾತ್ರೆ ತೊಳೆಯುವುದಕ್ಕೆ ನಮ್ಮ ಕೈ ಬೇಕು. ಆ ಕೈಗೊಂದು ಮುಖವಿದೆ ಅನ್ನುವುದು ಮಾತ್ರ ಕಣ್ಣಿಗೆ ಬೀಳಬಾರದು. ಎಂಥಾ ನಾಜೂಕಿನ ಕಣ್ಣಪ್ಪಾ ಅವರದು!

ನನ್ನ ಜೊತೆ ಅಟ್ಟದ ಕೋಣೆಯಲ್ಲಿ ಮಲಗುತ್ತಿದ್ದ ವಿನ್ನಿ ಹೊಸಬಳು. ಬಂದ ಹೊಸದರಲ್ಲಿ ದೊರೆಸಾನಿ ಲಂಗ ತೊಡರಿ ಮುಗ್ಗರಿಸಿದಾಗ ಇವಳು ತಟ್ಟನೆ ತಿರುಗಿ ಕೈ ಹಿಡಿದಿದ್ದಳು. ಅದಕ್ಕೆ ಸಿಕ್ಕ ಬಹುಮಾನ ಏನು ಗೊತ್ತೇ? ಮನೆವಾರ್ತೆ ನೋಡುವ ಪಾರ್ಜಿಟರಮ್ಮ ಇವಳನ್ನು ಎಲ್ಲರೆದುರು ನಿಲ್ಲಿಸಿ, ಇನ್ನೊಂದು ಸಲ ತಿರುಗಿದರೆ ಗಂಟುಮೂಟೆ ಕಟ್ಟಬೇಕಾಗುತ್ತದೆ ಎಂದು ಗದರಿದಳು.

ಹಾಗಾಗಿ ದೊರೆ ಸರ್ ಲಯನೆಲ್ ಮೆಟ್ಟಿಲಿಳಿದು ಬಂದ ದಿನ ಮೆಟ್ಟಿಲ ಕಟಕಟೆ ಒರೆಸುತ್ತಿದ್ದ ವಿನ್ನಿ ಗೋಡೆಗೆ ತಿರುಗಿ ನಿಂತಳು. ಬೆನ್ನ ಹಿಂದೆ ಅವರ ಊರುಗೋಲು ಉರುಳಿತು. ಹಲ್ಲು ಕಚ್ಚಿಕೊಂಡು ನಿಂತೇ ಇದ್ದಳು. ದಬದಬ ಸದ್ದಾಗಿ, ನರಳಿಕೆ ಕೇಳಿದ ಮೇಲೆ ತಡೆಯಲಾಗದೆ ಕೆಳಗೆ ಓಡಿದಳು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಣೆಯ ರಕ್ತಕ್ಕೆ ತನ್ನ ಏಪ್ರನ್ ಒತ್ತಿ ಹಿಡಿದು, ಬಟ್ಲರ್ ಹಾಬ್‌ಡೇ ಬರುವ ತನಕ ಕೂಗಿದಳು. ಊಟದ ಕೋಣೆಯ ಬಾಗಿಲಿಂದ ನಾನೇ ಕಣ್ಣಾರೆ ನೋಡಿದೆ.

ದೊರೆಯ ಕಾಲು ಮುರಿದಿತ್ತು. ಕೋಲು ಬಿದ್ದಾಗ ಗೋಡೆಗೆ ತಿರುಗಿ ನಿಂತಿದ್ದೆ ಎಂದು ವಿನ್ನಿಯೇ ಪಾರ್ಜಿಟರಮ್ಮನ ಹತ್ತಿರ ಹೇಳಿದ್ದಳು. ಸಂಜೆಗೆ ಮೇಲಿನಿಂದ ದೊರೆಸಾನಿಯ ಅಪ್ಪಣೆ ಬಂತು. ಕೋಲು ಬಿದ್ದ ಸದ್ದು ಕೇಳಿಯೂ ಕಂಬದ ಹಾಗೆ ನಿಂತಿದ್ದಳಂತೆ, ನಾಳೆಯೇ ಹೊರಡಬೇಕಂತೆ, ನಡತೆಯ ಪತ್ರವೂ ಇಲ್ಲವಂತೆ. ಆ ಪತ್ರವಿಲ್ಲದವಳನ್ನು ಮಾನವಂತರ ಮನೆಯಲ್ಲಿ ಪಾತ್ರೆ ತಿಕ್ಕುವುದಕ್ಕೂ ಸೇರಿಸುವುದಿಲ್ಲ. ಲಿಂಕನ್ ಊರಿನಲ್ಲಿ ಇವಳ ವಿಧವೆ ತಾಯಿ, ಚಿಕ್ಕ ತಮ್ಮಂದಿರು ಇವಳ ಸಂಬಳವನ್ನೇ ನಂಬಿದ್ದರು. ಕೆಳಗಿನ ಊಟದ ಮೇಜಿನಲ್ಲಿ ಎಲ್ಲರೂ ತಲೆ ತಗ್ಗಿಸಿ ಕುರಿಮಾಂಸ ಅಗಿಯುತ್ತಿದ್ದರು. ನೀವು ಕಂಡದ್ದನ್ನು ದೊರೆಸಾನಿಗೆ ಒಂದು ಮಾತು ಹೇಳಿ ಎಂದು ಹಾಬ್‌ಡೇಗೆ ಅಂದೆ.

"ನೋಡು ಹೆಸ್ಟರ್, ನನ್ನ ಹೊಟ್ಟೆ ಮೇಲೆ ಹೊಡೀಬೇಡ" ಅಂದು ಇನ್ನೊಂದು ತುಂಡು ಬಡಿಸಿಕೊಂಡ.

ವಿನ್ನಿಗೆ ಇನ್ನೂ ಆಸೆಯಿತ್ತು. "ದೊರೆಗೆ ಗೊತ್ತಲ್ಲ ಕಣೇ. ನನ್ನ ತೊಡೆ ಮೇಲೆ ಮಲಗಿ ನನ್ನ ಮುಖಾನೇ ನೋಡ್ತಿದ್ರು. ಅವರು ಒಂದ್ಮಾತು ಹೇಳಿದ್ರೆ ಸಾಕು."

ಮರುದಿನ ಬೆಳಿಗ್ಗೆ ದೊರೆಯ ಕೋಣೆಯ ಅಗ್ಗಿಷ್ಟಿಕೆ ಹೊತ್ತಿಸುವ ಸರದಿ ನನ್ನದು. ಗೋಡೆಗೆ ತಿರುಗಲಿಲ್ಲ. ನೆಟ್ಟಗೆ ಮಂಚದ ಹತ್ತಿರ ಹೋಗಿ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಹುಬ್ಬು ಗಂಟಿಕ್ಕಿ ಯೋಚಿಸಿದರು.

"ಹುಡುಗೀನಾ? ಅಲ್ಲಿ ಯಾವ ಹುಡುಗೀನೂ ಇರ್ಲಿಲ್ಲ. ಹಾಬ್‌ಡೇ ಬರೋ ತನಕ ನಾನೊಬ್ನೇ ಬಿದ್ದಿದ್ದೆ."

ಸುಳ್ಳು ಹೇಳುತ್ತಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಆ ಮನುಷ್ಯ ನಿಜವಾಗಿಯೂ ಅವಳನ್ನು ಕಂಡಿರಲಿಲ್ಲ. ಅವರ ರಕ್ತ ಹತ್ತಿದ ಏಪ್ರನ್ ಕೆಳಗೆ ಬಾನಿಯಲ್ಲಿ ಇನ್ನೂ ನೆನೆಯುತ್ತಿತ್ತು.

"ಅಲ್ಲಿ ಯಾರೂ ಇರ್ಲಿಲ್ಲ ಅಂದ್ಮೇಲೆ, ದೊರೆಸಾನಿಯವರು ಕೆಲಸದಿಂದ ತೆಗೀತಿರೋದು ಯಾರನ್ನ, ಸರ್?"

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ, ಪರದೆ ಎಳೆ ಅಂದರು.

"ನೀವೇ ಎಳ್ಕೊಳ್ಳಿ" ಅಂದೆ. "ಇಲ್ಲಿ ಯಾರೂ ಇಲ್ಲ."

ಅಗ್ಗಿಷ್ಟಿಕೆ ಹೊತ್ತಿಸದೆ ಕೆಳಗಿಳಿದೆ. ಮಧ್ಯಾಹ್ನ ಸ್ಟೇಷನ್ನಿಗೆ ಹೊರಟ ಗಾಡಿಯಲ್ಲಿ ಎರಡು ಟ್ರಂಕುಗಳಿದ್ದವು. ನಡತೆಯ ಪತ್ರ ಇಬ್ಬರ ಹತ್ತಿರವೂ ಇರಲಿಲ್ಲ.