ಎಂಬತ್ತೇಳನೇ ಪ್ರದೇಶ

ಯೋಜನಾ ಕಚೇರಿಯಲ್ಲಿ ಅವಳ ಕೆಲಸ ನೂರಾ ನಲವತ್ತು ಪ್ರದೇಶಗಳನ್ನು ಮೂರು ಬಗೆಯಾಗಿ ವಿಂಗಡಿಸುವುದು: ಬೆಳೆಯುವಂಥದ್ದು, ಇದ್ದಂತೆ ಇರುವಂಥದ್ದು, ಕುಗ್ಗುತ್ತಿರುವಂಥದ್ದು. ಮುಂದಿನ ಇಪ್ಪತ್ತು ವರ್ಷ ರಸ್ತೆ, ಶಾಲೆ, ಆಸ್ಪತ್ರೆ ಎಲ್ಲಿರಬೇಕು, ಎಲ್ಲಿ ಬೇಡ ಎಂಬುದೆಲ್ಲ ಆ ಪಟ್ಟಿಯ ಮೇಲೆ ನಿಂತಿತ್ತು. ಹನ್ನೊಂದು ವರ್ಷದ ಚಾಕರಿಯಲ್ಲಿ ಒಮ್ಮೆಯೂ ತಡವರಿಸದ ಅವಳು ಆ ಮಂಗಳವಾರ ಒಂದೇ ಸಾಲನ್ನು ಮತ್ತೆ ಮತ್ತೆ ಓದಿದಳು. ಎಂಬತ್ತೇಳನೇ ಪ್ರದೇಶ, ಅಂದರೆ ಮುಚ್ಚಿಹೋದ ಗಾಜಿನ ಕಾರ್ಖಾನೆಯ ಸುತ್ತಲಿನ ಊರುಗಳು, ಮೂರನೇ ಬಗೆಗೆ ಬಿದ್ದಿತ್ತು. ಅಲ್ಲಿ ಅವಳ ಅಕ್ಕನಿದ್ದಳು.

ಇಬ್ಬರೂ ಮಾತು ಬಿಟ್ಟು ಆರು ವರ್ಷ. ಭಾವ ತೀರಿಕೊಂಡಾಗ ಕಚೇರಿಯಲ್ಲಿ ಕೆಲಸದ ಗಡುವಿದೆಯೆಂದು ಇವಳು ಹೋಗಿರಲಿಲ್ಲ. ಆಮೇಲೆ ಅಕ್ಕ ಇವಳ ಫೋನ್ ಎತ್ತಿರಲಿಲ್ಲ.

ಶನಿವಾರ ಬಸ್ ಹತ್ತಿ ಹೋದಳು. ಆಸ್ಪತ್ರೆಯ ಎದುರಿನ ಪುಟ್ಟ ಅಂಗಡಿಯಲ್ಲಿ ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ತಲೆ ಎತ್ತಿ ನೋಡಿದಳು, ಕೂರು ಎನ್ನಲಿಲ್ಲ.

"ಅಕ್ಕಾ, ಇನ್ನು ಈ ಕಡೆಗೆ ಹೊಸದೇನೂ ಬರಲ್ಲ. ಆಸ್ಪತ್ರೇನೂ ಮುಚ್ತಾರೆ. ನನ್ನ ಜೊತೆ ಬಂದ್ಬಿಡು."

"ಯಾರು ಹೇಳಿದ್ದು?"

"ಊರುಗಳನ್ನ ಮೂರು ಬಗೆ ಮಾಡಿರೋ ಪಟ್ಟಿ ಇದೆ, ಅದನ್ನ ಮಾಡಿದ್ದೇ ನಾನು."

ಹೊಲಿಗೆ ಯಂತ್ರ ನಿಂತಿತು. ಮೂರು ಬಗೆ ಯಾವುವೆಂದು ಅಕ್ಕ ಕೇಳಿ ತಿಳಿದುಕೊಂಡಳು. ಆಮೇಲೆ ಹಲ್ಲಿನಿಂದ ದಾರ ಕಡಿಯುತ್ತ ಕೇಳಿದಳು: "ನಿನ್ನ ಮನೇಲಿ ಎಷ್ಟು ಜನ?"

"ನಾನೊಬ್ಬಳೇ."

"ಆರು ವರ್ಷದ ಹಿಂದೆ?"

"ಆಗಲೂ ನಾನೊಬ್ಬಳೇ."

"ಹಾಗಾದ್ರೆ ನೀನು ಎರಡನೇ ಬಗೆ ಕಣೇ. ಇದ್ದಂಗೇ ಇರೋದು."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗು ಮುಗಿದ ಮೇಲೆ ಅಕ್ಕ ಸೂಜಿಗೆ ಹೊಸ ದಾರ ಪೋಣಿಸಿದಳು.

"ನಾನು ಬರಲ್ಲ," ಎಂದಳು ಅಕ್ಕ ಕೊನೆಗೆ. "ಅವರು ಹೋದ ದಿನ ನೀನು ಬಂದಿದ್ರೆ, ಅವತ್ತೇ ನಿನ್ನ ಹಿಂದೆ ಬಂದ್ಬಿಡ್ತಿದ್ದೆ."

ಸೋಮವಾರ ಅವಳು ನಿರ್ದೇಶಕರ ಮುಂದೆ ನಿಂತಳು. ಎಂಬತ್ತೇಳನ್ನು ಇನ್ನೊಮ್ಮೆ ನೋಡೋಣವೇ ಎಂದು ಕೇಳಿದಳು.

"ಅಂಕಿ ತಪ್ಪಿದೆಯೇನಮ್ಮಾ?"

"ಇಲ್ಲ, ಸರ್."

"ಮತ್ತೆ?"

ಅವಳು ಕುರ್ಚಿಗೆ ಮರಳಿ ಪಟ್ಟಿಗೆ ಸಹಿ ಹಾಕಿದಳು.

ಅಂದು ಸಂಜೆ ಅಕ್ಕನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಬುಧವಾರವೂ ಎತ್ತಲಿಲ್ಲ. ಭಾನುವಾರ ಮಧ್ಯಾಹ್ನ, "ಹೇಳು," ಎಂಬ ದನಿ ಕೇಳಿತು. ಇವಳು ಬೆಳಿಗ್ಗೆ ಸಾರು ಮಾಡಿದ್ದನ್ನೂ ಅದಕ್ಕೆ ಉಪ್ಪು ಹೆಚ್ಚಾದದ್ದನ್ನೂ ಹೇಳಿದಳು. ಅಕ್ಕ ನಾಲ್ಕು ಸಲ ಹೂಂಗುಟ್ಟಿ, ಗಿರಾಕಿ ಬಂದರೆಂದು ಫೋನ್ ಇಟ್ಟಳು. ಇವಳು ತಟ್ಟೆ ಹಾಕಿಕೊಂಡು, ಆ ಉಪ್ಪಾದ ಸಾರಿನಲ್ಲೇ ಒಬ್ಬಳೇ ಕೂತು ಉಂಡಳು.