ಕಾಡಿಗೆ ಹೋಗುವುದಿಲ್ಲ

ದರಗು ಗುಡಿಸುವ ಹೆಂಗಸರ ಸೊಂಟ ನಲವತ್ತೈದಕ್ಕೇ ಬಾಗುತ್ತದೆ. ಬೆಳಿಗ್ಗೆ ಏಳಕ್ಕೆ ಸೊಪ್ಪಿನಬೆಟ್ಟ ಹತ್ತುತ್ತಾರೆ. ಉದುರಿದ ಒಣ ಎಲೆಯನ್ನು ಕೈಯಿಂದ ಬಾಚಿ, ಕಾಲಿಂದ ಒತ್ತಿ, ಕಲ್ಲಿ ಎಂಬ ಹಗ್ಗದ ಬಲೆಗೆ ತುಂಬುತ್ತಾರೆ. ತುಂಬಿದ ಕಲ್ಲಿ ತಲೆಗೇರಿದ ಮೇಲೆ ಹೆಂಗಸು ಕಾಣುವುದಿಲ್ಲ. ಎಲೆಯ ಗುಡ್ಡೆಯೊಂದಕ್ಕೆ ಕಾಲು ಮೂಡಿ ಇಳಿದು ಬರುತ್ತಿರುವ ಹಾಗಿರುತ್ತದೆ. ಆ ಕಾಲಿಗೆ ಹವಾಯಿ ಚಪ್ಪಲಿ ಇದ್ದರೆ ಹೆಚ್ಚು.

ಬೆಟ್ಟ ನಮ್ಮ ಮನೆಯದು, ನನ್ನ ಗಂಡನ ಹೆಸರಿನಲ್ಲಿದೆ. ಎಲೆ ನಮ್ಮ ಕೊಟ್ಟಿಗೆಗೆ ಬೇಕು. ಹೊಸನಗರದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಈ ಊರಿನಲ್ಲಿ ಮಳೆಗಾಲಕ್ಕೆ ಮೊದಲು ದರಗು ಒಟ್ಟದಿದ್ದರೆ ಗೊಬ್ಬರವಿಲ್ಲ. ಎಂಟು ಜನ ಹೆಂಗಸರು ಬರುತ್ತಿದ್ದರು. ಕೂಲಿ ದಿನಕ್ಕಲ್ಲ, ಕಲ್ಲಿಗೆ. ಅದು ನನ್ನ ಮಗ ಶ್ರೀಕರ ಮಾಡಿದ ಏರ್ಪಾಡು. ಹಾಗಾಗಿ ನಿಂತು ಮೈಗೆ ಕಚ್ಚಿ ರಕ್ತ ಹೀರುವ ಉಣುಗು ಕೀಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಆ ಎಂಟು ಜನರಲ್ಲಿ ಕೆರಿಯಮ್ಮನೂ ಒಬ್ಬಳು. ಜನವರಿಯ ಒಂದು ದಿನ ಅವಳು ಕಲ್ಲಿ ಬಿಚ್ಚಿ ಸುರಿದಾಗ ಎಲೆಯ ಜೊತೆ ಒಂದು ಇಲಿಗೂಡೂ ಬಿತ್ತು. ಕಣ್ಣು ಬಿಡದ ಐದು ಮರಿ.

"ಬಾಣಂತಿ ಮನೆ ಕಣ್ರೇ! ತುಳೀಬ್ಯಾಡಿ!" ಎಂದು ಕೂಗಿದಳು.

"ತೊಟ್ಲು ತರ್ಲೇನೇ ಅಕ್ಕ? ಹೆಸ್ರೂ ನೀನೇ ಇಡ್ತೀಯಾ?" ಎಂದಳು ಯಶೋಧಾ. ಅವಳು ಎಂಟು ಜನರಲ್ಲಿ ಚಿಕ್ಕವಳು. ಹತ್ತನೆಯ ತರಗತಿ ಓದಿದ್ದಾಳೆ. ನಾಲಿಗೆ ಚುರುಕು.

"ಹೋಗೇ. ನಿನ್ ಥರಾನೇ ಕಿಚಿಕಿಚಿ ಅಂತಾವೆ, ನಿನ್ ಹೆಸ್ರೇ ಇಡ್ತೀನಿ."

ಕೆರಿಯಮ್ಮ ಗೂಡನ್ನು ಬರಿಗೈಯಲ್ಲಿ ಎತ್ತಿ ಸೆರಗಿನ ಮಡಿಲಿಗೆ ಹಾಕಿಕೊಂಡು ಬೆಟ್ಟದ ಬುಡಕ್ಕೆ ಹೋಗಿ ಬಿಟ್ಟು ಬಂದಳು. ಒಂದು ಕಲ್ಲಿ ತುಂಬುವಷ್ಟು ಹೊತ್ತು ಅದಕ್ಕೆ ಕಳೆಯಿತು. ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಎಂಥ ಒಳ್ಳೆಯ ಹೆಂಗಸು ಎಂದುಕೊಂಡೆ. ಅಷ್ಟು ಅಂದುಕೊಳ್ಳುವುದು ನನಗೆ ಯಾವಾಗಲೂ ಸುಲಭ.

ಅದೇ ವಾರ ಆಶಾ ಕಾರ್ಯಕರ್ತೆ ಪುಷ್ಪಮ್ಮ ಹತ್ತು ಬಾಟಲಿ ಎಣ್ಣೆ ತಂದು ನನ್ನ ಕೈಗೆ ಕೊಟ್ಟಿದ್ದಳು. ಉಣುಗು ಹತ್ತದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ. "ಬೆಟ್ಟಕ್ಕೆ ಹೋಗೋರಿಗೆ ದಿನಾ ಕೊಡಿ ಅಮ್ಮ. ಹಚ್ಕೊಂಡೇ ಹೋಗ್ಲಿ" ಎಂದು ಎರಡು ಸಲ ಹೇಳಿ ಹೋದಳು. ಶ್ರೀಕರ ಬಾಟಲಿಗಳನ್ನು ನೋಡಿ ನಕ್ಕ.

"ಇದ್ನ ಹಚ್ಚಿಕ್ಯಂಡು ಕೂತ್ರೆ ಕೆಲ್ಸ ಯಾವಾಗ ಮಾಡ್ತ? ಎಣ್ಣೆ ಕೊಟ್ರೆ ಬೆಟ್ಟದಲ್ಲಿ ಎಂತೋ ಇದ್ದು ಹೇಳಿ ಹೆದರ್ತ."

ನಾನು ಬಾಟಲಿಗಳನ್ನು ಕಪಾಟಿನಲ್ಲಿಟ್ಟೆ. ಕೊಡಬಾರದು ಎಂದಲ್ಲ. ನಾಳೆ ಕೊಟ್ಟರಾಯಿತು ಎಂದು. ನಾಲ್ಕು ದಿನದ ಮೇಲೆ ನಮ್ಮ ನಾಯಿ ಮೈ ಪರಚಿಕೊಳ್ಳುತ್ತ ಬಂತು. ಕಿವಿಯ ತುಂಬ ಉಣುಗು. ನನಗೆ ಪಾಪ ಅನ್ನಿಸಿತು. ಒಂದು ಬಾಟಲಿ ತೆಗೆದು ಅದರ ಮೈಗೆಲ್ಲ ಹಚ್ಚಿದೆ. ಗುಣ ಕಂಡಿತು. ಇನ್ನೂ ಒಂದು ತೆಗೆದೆ. ಫೆಬ್ರವರಿಯ ಹೊತ್ತಿಗೆ ಏಳು ಬಾಟಲಿ ಖಾಲಿಯಾಗಿತ್ತು. ಒಂದು ಹನಿಯೂ ಮನುಷ್ಯರ ಕಾಲಿಗೆ ಬಿದ್ದಿರಲಿಲ್ಲ.

ಕೆರಿಯಮ್ಮನಿಗೆ ಜ್ವರ ಬಂದದ್ದು ಆ ತಿಂಗಳು. ಎರಡು ದಿನ ಜ್ವರದಲ್ಲೇ ಕಲ್ಲಿ ಹೊತ್ತಳು. ಮೂರನೆಯ ದಿನ ನಮ್ಮ ಅಂಗಳದಲ್ಲಿ ಕುಸಿದಳು. ಗಂಡ ವಾಸಪ್ಪ ಬ್ಯಾಕೋಡಿನ ಕಡೆ ಗಾರೆ ಕೆಲಸಕ್ಕೆ ಹೋಗಿದ್ದ. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಓದಿದವಳು, ಡಾಕ್ಟರ ಹತ್ತಿರ ಮಾತಾಡಲು ಬರುತ್ತದೆ ಎಂದು ಎಲ್ಲರೂ ಒಪ್ಪಿದರು. ಶ್ರೀಕರ ಕಾರಿನ ಕಿಟಕಿಗೆ ಬಗ್ಗಿದ.

"ಅಮಾ, ಬೆಟ್ಟದ ಸುದ್ದಿ ತೆಗಿಯಡ. ಹೋದ ವರ್ಷ ಆಚೆ ಊರಲ್ಲಿ ಮಂಗನ ಕಾಯಿಲೆ ಹೇಳಿ ಬೋರ್ಡು ಹಾಕಿದ್ದ. ಒಂದು ತಿಂಗಳು ಒಬ್ರೂ ಕೆಲಸಕ್ಕೆ ಬರಲ್ಲೆ. ನಮ್ಮಲ್ಲಿ ಮಂಗ ಸತ್ತಿದ್ದಿಲ್ಲೆ, ಎಂತಕ್ಕೆ ಸುಮ್ನೆ?"

ಪೇಟೆಯ ಸಣ್ಣ ಕ್ಲಿನಿಕ್ಕಿನಲ್ಲಿ ಅಪೇಕ್ಷಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಇದ್ದರು. ಕೆರಿಯಮ್ಮನಿಗೆ ಕೂರಲು ತಮ್ಮ ಕುರ್ಚಿಯನ್ನೇ ಸರಿಸಿಕೊಟ್ಟರು. ಎಲ್ಲ ಸರಿಯಾಗಿಯೇ ಕೇಳಿದರು. ಎಷ್ಟು ದಿನದ ಜ್ವರ, ತಲೆನೋವು ಎಲ್ಲಿ, ನೀರು ಯಾವುದು. ಆಮೇಲೆ ಪೆನ್ನು ನಿಲ್ಲಿಸಿ ಕೇಳಿದರು.

"ಕಾಡಿಗೆ, ಬೆಟ್ಟಕ್ಕೆ ಹೋಗ್ತಾರಾ? ಉಣುಗು ಏನಾದ್ರೂ ಕಚ್ಚಿದ್ಯಾ?"

ಕೇಳಿದ್ದು ಕೆರಿಯಮ್ಮನನ್ನು. ಉತ್ತರ ಹೇಳಿದ್ದು ನಾನು.

"ಇಲ್ಲ ಡಾಕ್ಟ್ರೇ. ನಮ್ಮ ಮನೆಯೊಳಗಿನ ಕೆಲಸ ಅಷ್ಟೇ. ಕಾಡಿಗೆ ಹೋಗುವುದಿಲ್ಲ."

ಡಾಕ್ಟರು ಅವಳ ಮುಖ ನೋಡಿದರು. "ಹೌದಾಮ್ಮ?"

ಕೆರಿಯಮ್ಮ ನನ್ನ ಕಡೆ ತಿರುಗಿದಳು. ಜ್ವರದಲ್ಲಿ ಕಣ್ಣು ಕೆಂಪಗಾಗಿತ್ತು. ಆ ಕಣ್ಣಿನಲ್ಲಿ ಒಂದು ಪ್ರಶ್ನೆ ಇತ್ತು. ಆಮೇಲೆ ಅವಳು ತಲೆ ತಗ್ಗಿಸಿದಳು.

"ಹೌದು. ಅಮ್ಮ ಹೇಳಿದ್ದೇ."

ನನ್ನ ಮಾನ ಕಾಪಾಡಲು ಅವಳು ಹಾಗೆ ಹೇಳಿದಳು. ಅಂಥ ಸಣ್ಣ ದಯೆಗಳನ್ನು ಗುರುತಿಸುವ ಅಭ್ಯಾಸ ನನಗಿದೆ. ಅದನ್ನೂ ಗುರುತಿಸಿದೆ. ಗುರುತಿಸಿ ಸುಮ್ಮನಿದ್ದೆ. ಡಾಕ್ಟರು ಚೀಟಿಯಲ್ಲಿ ಬರೆದುಕೊಂಡರು. ಟೈಫಾಯ್ಡ್ ಇರಬಹುದು ಎಂದು ಅದರ ಔಷಧಿ ಕೊಟ್ಟು, ರಕ್ತ ತೆಗೆದುಕೊಂಡು ಕಳಿಸಿದರು.

ಆ ಔಷಧಿಗೆ ಜ್ವರ ಜಗ್ಗಲಿಲ್ಲ. ಮೂರು ದಿನ ಹೋಯಿತು. ಅಂಗೈ ಅಂಗಾಲಿನಲ್ಲಿ ಕೆಂಪು ಗುಳ್ಳೆ ಎದ್ದವು. ಬಲಗೈಯ ಬೆರಳ ತುದಿ ಮೊದಲು ನೀಲಿಯಾಯಿತು, ಆಮೇಲೆ ಕಪ್ಪಾಯಿತು. ವಾಸಪ್ಪ ಓಡಿ ಬಂದ. ಅವನ ಜೊತೆ ನಾನೂ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರು ಅವಳ ಸೀರೆಯ ಗಂಟು ಸಡಿಲಿಸಿ ನೋಡಿದರು. ಸೊಂಟದಲ್ಲಿ ಬೀಡಿಯಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ.

"ಇದು ಉಣುಗು ಕಚ್ಚಿದ ಗುರುತು. ಇವರು ಕಾಡಿಗೆ ಹೋಗ್ತಾರಲ್ವಾ?"

"ಹೋಗ್ದೆ ಮತ್ತೆ? ದಿನಾ ದರಗಿಗೆ ಹೋಗ್ತಾಳಲ್ಲ ಸಾರ್!" ಎಂದ ವಾಸಪ್ಪ.

ಡಾಕ್ಟರು ಹಳೆಯ ಚೀಟಿ ಎತ್ತಿ ಹಿಡಿದರು. "ಇದರಲ್ಲಿ ಕಾಡಿಗೆ ಹೋಗುವುದಿಲ್ಲ ಅಂತ ಬರೆದಿದೆ. ಯಾರು ಹೇಳಿದ್ದು?"

ವಾಸಪ್ಪ ನನ್ನನ್ನು ನೋಡಿದ. ನಾನು ಗೋಡೆಯ ಗಡಿಯಾರ ನೋಡಿದೆ.

ಡಾಕ್ಟರು ಬೈಯಲಿಲ್ಲ. ಬಿಡಿಸಿ ಹೇಳಿದರು. ಇದು ಮಂಗನ ಕಾಯಿಲೆಯಲ್ಲ. ಅದು ವೈರಸ್ಸು, ಅದಕ್ಕೆ ನೇರ ಔಷಧಿ ಇಲ್ಲ. ಇದು ಬ್ಯಾಕ್ಟೀರಿಯಾ, ಇದಕ್ಕೆ ಮಾತ್ರೆ ಇದೆ. ಯಾವ ಅಂಗಡಿಯಲ್ಲೂ ಸಿಗುವ ಅಗ್ಗದ ಮಾತ್ರೆ. "ಮಂಗ ಸತ್ತರೆ ಊರಿಗೆಲ್ಲ ಗೊತ್ತಾಗುತ್ತೆ. ಇದಕ್ಕೆ ಅಂಥ ಸೂಚನೆ ಇಲ್ಲಮ್ಮ. ಮರಿ ಉಣುಗು ಕಾಡಿಲಿಯ ರಕ್ತ ಕುಡಿದು ಬೆಳೆಯುತ್ತೆ. ಇಲಿ, ನಾಯಿ ಮೇಲೆ ಊರೊಳಗೂ ಬರುತ್ತೆ. ಇಲಿ ಆರಾಮಾಗಿ ಓಡಾಡ್ಕೊಂಡಿರುತ್ತೆ. ಬೆಟ್ಟಕ್ಕೆ ಹೋಗಿದ್ದೆ ಅಂತ ರೋಗಿ ಹೇಳಬೇಕು. ನಮಗೆ ಸಿಗೋದು ಅದೊಂದೇ ಸುಳಿವು. ಮೂರು ದಿನ ಮುಂಚೆ ಮಾತ್ರೆ ಬಿದ್ದಿದ್ರೆ ಬೆರಳು ಉಳೀತಿತ್ತೇನೋ."

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಉಣುಗಿನ ಚಿತ್ರ ಬರೆದು, ಎಂಟು ಕಾಲಿಗೂ ಗುರುತು ಹಾಕಿ, ಮೇಷ್ಟರಿಂದ ಶಹಬ್ಬಾಸ್ ಅನ್ನಿಸಿಕೊಂಡವಳು. ಮನೆಗೆ ಬರುವ ಬಸ್ಸಿನಲ್ಲಿ ಆ ಇಲಿಗೂಡು ನೆನಪಾಯಿತು. ಅವಳು ಅದನ್ನು ಮಡಿಲಲ್ಲಿ ಎತ್ತಿಕೊಂಡದ್ದಕ್ಕೇ ಹೀಗಾಯಿತು, ಇಲಿಯಿಂದಲೇ ಬಂತು ಎಂದು ನಂಬಿಬಿಡಲು ಬಹಳ ಆಸೆಯಾಯಿತು. ರಿಪ್ಪನ್‌ಪೇಟೆ ಬರುವವರೆಗೂ ಹಾಗೇ ನಂಬಿಕೊಂಡು ಕೂತಿದ್ದೆ. ಆದರೆ ಇಲಿ ಎಣ್ಣೆಯನ್ನು ಕಪಾಟಿನಲ್ಲಿ ಇಟ್ಟಿರಲಿಲ್ಲ. ಡಾಕ್ಟರ ಮುಂದೆ ಸುಳ್ಳು ಹೇಳಿರಲಿಲ್ಲ.

ಕೆರಿಯಮ್ಮ ಬದುಕಿದಳು. ಬಲಗೈಯ ಮೂರು ಬೆರಳ ತುದಿ ತೆಗೆದರು. ಮಾರ್ಚ್ ಕೊನೆಗೆ ಶ್ರೀಕರ ದರಗಿನ ಕೊನೆಯ ಸುತ್ತಿಗೆ ಹೇಳಿಕಳಿಸಿದ. ಎಂಟೂ ಜನ ಬಂದರು. ಕೆರಿಯಮ್ಮನೂ ಬಂದಳು. ಆದರೆ ಯಾರ ಹೆಗಲ ಮೇಲೂ ಕಲ್ಲಿ ಇರಲಿಲ್ಲ. ಅಂಗಳದಲ್ಲಿ ಸಾಲಾಗಿ ಕೂತರು.

"ಕಲ್ಲಿ ಎಲ್ಲೇ?" ಎಂದ ಶ್ರೀಕರ.

"ಮನೇಲೈತೆ. ಕಾಲಿಗೆ ಬೂಟು, ಕೈಗೆ ಎಣ್ಣೆ ಕೊಡಿ. ಕಲ್ಲಿ ಲೆಕ್ಕ ಬ್ಯಾಡ, ದಿನದ ಕೂಲಿ ಕೊಡಿ. ಆಮೇಲೆ ತರ್ತೀವಿ" ಎಂದಳು ಯಶೋಧಾ.

"ಓಹೋ, ಲೀಡ್ರು! ಕಾರಲ್ಲಿ ಆಸ್ಪತ್ರೆಗೆ ಕಳ್ಸಿದ್ದು ಯಾರೇ? ಎಲ್ಲೋ ಇಲಿ ಹೊತ್ಕೊಂಡು ಬಂದಿದ್ದಕ್ಕೆ ನಾನೇನ್ ಮಾಡ್ಲಿ?"

"ಇಲಿ ಮ್ಯಾಲೆ ಹಾಕ್ಬ್ಯಾಡಿ ಅಯ್ಯಾ. ಅದಕ್ಕೆ ಬಾಯಿಲ್ಲ" ಎಂದಳು ಕೆರಿಯಮ್ಮ ಮೆಲ್ಲಗೆ.

ನಾನು ಒಳಗೆ ಹೋಗಿ ಉಳಿದ ಮೂರು ಬಾಟಲಿ ತಂದು ಅವರ ಮುಂದಿಟ್ಟೆ. "ಹತ್ತಿದ್ದವು. ಏಳನ್ನು ನಾಯಿಗೆ ಹಚ್ಚಿದೆ. ಡಾಕ್ಟರ ಹತ್ತಿರ ಸುಳ್ಳು ಹೇಳಿದವಳೂ ನಾನೇ" ಎಂದೆ.

"ಅಮಾ!" ಎಂದ ಶ್ರೀಕರ.

"ಗೊತ್ತು" ಎಂದಳು ಯಶೋಧಾ. "ನಾಯಿ ಮೈ ಅದೇ ವಾಸ್ನೆ ಹೊಡೀತಿತ್ತು. ಪುಷ್ಪಮ್ಮನ ಚೀಲಾನೂ ಅದೇ ವಾಸ್ನೆ. ನಮಗೂ ಮೂಗೈತೆ ಅಮ್ಮ."

ಕೆರಿಯಮ್ಮ ಹೇಳಿದಳು. "ಅಮ್ಮ, ನಿಮ್ ಅಕ್ಷರ ಚಂದ. ನಮಗೆ ಒಂದೊಂದು ಚೀಟಿ ಬರ್ಕೊಡಿ. ಬೆಟ್ಟಕ್ಕೆ ಹೋಗ್ತೀವಿ, ಉಣುಗು ಕಚ್ತದೆ ಅಂತ. ಜ್ವರ ಬಂದ್ರೆ ಡಾಕ್ಟ್ರಿಗೆ ತೋರಿಸ್ತೀವಿ. ಮೈ ಸುಡೋವಾಗ ಬಾಯಿ ಬರಲ್ಲ. ನಂಗೂ ಒಂದು ಬರೀರಿ."

"ಚೀಟಿ ಯಾಕೆ? ಆಸ್ಪತ್ರೆಗೆ ನಾನೇ ಜೊತೆಗೆ ಬರ್ತೀನಿ."

"ಬ್ಯಾಡ" ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಬರದ್ ಬ್ಯಾಡ. ಚೀಟಿ ಸಾಕು."

ಜಗಲಿಯಲ್ಲಿ ಕೂತು ಎಂಟು ಚೀಟಿ ಬರೆದೆ. ಹೆಸರು, ವಯಸ್ಸು. "ಇವರು ದಿನವೂ ದರಗು ತರಲು ಸೊಪ್ಪಿನಬೆಟ್ಟಕ್ಕೆ ಹೋಗುತ್ತಾರೆ. ಉಣುಗು ಕಚ್ಚುತ್ತದೆ. ಇಲಿಗೂಡುಗಳಿರುವ ಜಾಗ." ಅಕ್ಷರ ಚೆನ್ನಾಗಿಯೇ ಬಂತು. ಮೊದಲನೆಯದನ್ನು ಕೆರಿಯಮ್ಮನಿಗೆ ಕೊಟ್ಟೆ. ಅವಳು ಅದನ್ನು ಎಡಗೈಯಲ್ಲಿ ಹಿಡಿದು ಯಶೋಧಾಳಿಗೆ ದಾಟಿಸಿದಳು.

"ಓದೇ. ಎಂತ ಬರ್ದಿದಾರೆ ನೋಡಾನ."

ಯಶೋಧಾ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಓದಿದಳು. ಒಂದಾದ ಮೇಲೆ ಒಂದು, ಎಂಟನ್ನೂ. ನನ್ನ ಬರಹವನ್ನು ಯಾರಾದರೂ ಹಾಗೆ ಪರೀಕ್ಷೆ ಮಾಡಿ ಐವತ್ತು ವರ್ಷವಾಗಿತ್ತು. ಕೊನೆಯದನ್ನು ಓದಿ ಮುಗಿಸಿ ಅವಳು ಚೀಟಿಗಳನ್ನು ಜೋಡಿಸಿ ನನ್ನ ತೊಡೆಯ ಮೇಲೆ ವಾಪಸು ಇಟ್ಟಳು.

"ಯಾರ ಬೆಟ್ಟ ಅಂತ ಬರೀಲಿಲ್ಲ ನೀವು."

ಶ್ರೀಕರ ನನ್ನನ್ನೇ ನೋಡುತ್ತಿದ್ದ. ಎಂಟು ಹೆಂಗಸರೂ ನೋಡುತ್ತಿದ್ದರು. ನಾನು ಪೆನ್ನಿನ ಮುಚ್ಚಳ ತೆಗೆದು, ಮೊದಲನೆಯ ಚೀಟಿಯಿಂದ ಶುರುಮಾಡಿ, ನನ್ನ ಗಂಡ ವೆಂಕಟರಾಮರ ಹೆಸರನ್ನೂ ಮಗ ಶ್ರೀಕರನ ಹೆಸರನ್ನೂ ಬರೆದೆ. ಅದರ ಕೆಳಗೆ ಎಂಟು ಸಲ ನನ್ನ ಹೆಸರನ್ನೂ ಬರೆದೆ.